ಕಾವೇರಿಯಲ್ಲಿ ನೀರಿರಲಿಲ್ಲ, ನನ್ನ ಎಪಿಸೋಡ್‌ನಲ್ಲಿತ್ತು

[ಸದ್ದು: ಹರಿಯುವ ನೀರು, 8 ಸೆಕೆಂಡ್]

ಮೈಸೂರಿನ ಕುವೆಂಪುನಗರದಿಂದ, ನಮ್ಮ ಮನೆ ಮಹಡಿಯ ಪುಟ್ಟ ರೂಮಿನಿಂದ ಮಾತಾಡ್ತಿದ್ದೀನಿ. ಕಿಟಕಿಗೆ ಹಳೇ ರಜಾಯಿ ಕಟ್ಟಿದ್ದೀನಿ. ಆದ್ರೂ ನಡುವೆ ಆಟೋ ಹಾರ್ನ್ ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ. ಸಾಧ್ಯ ಆದ್ರೆ ಇವತ್ತು ಇಯರ್‌ಫೋನ್ ಹಾಕ್ಕೊಳ್ಳಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಈಗ ಕೇಳಿಸಿದ್ದು ಏನು? ಹೊಳೆ ಅಂತೀರ. ಯಾವ ಹೊಳೆ? ನಮ್ಮ ಹಳೇ ಕೇಳುಗರಾದ್ರೆ 'ನಿಮ್ಮ ಕಾವೇರಿ ಎಪಿಸೋಡ್‌ನಲ್ಲಿ ಬಂದಿದ್ದು' ಅಂತ ಹೇಳಬಹುದು. ಸರಿ, ಎಪಿಸೋಡ್ ಅದೇ. ಆದ್ರೆ ನದಿ ಕಾವೇರಿ ಅಲ್ಲ. ಇದನ್ನ ಒಪ್ಪಿಕೊಳ್ಳೋದಕ್ಕೆ ನನಗೆ ಸುಮಾರು ದಿನ ಬೇಕಾಯ್ತು.

2024ರ ಬೇಸಿಗೆ ನೆನಪಿದೆಯಲ್ಲ? ಅದರ ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಕಾವೇರಿ ನೀರಿಗಾಗಿ 2023ರ ಸೆಪ್ಟೆಂಬರ್ 29ಕ್ಕೆ ಕರ್ನಾಟಕ ಬಂದ್ ಕೂಡ ಆಗಿತ್ತು. ಆ ಬೇಸಿಗೆಯಲ್ಲಿ ನದಿ ಬಗ್ಗೆ ಒಂದು ಎಪಿಸೋಡ್ ಮಾಡೋಣ ಅಂತ ಮೈಕು, ರೆಕಾರ್ಡರ್ ತಗೊಂಡು ಬೈಕಲ್ಲಿ ಶ್ರೀರಂಗಪಟ್ಟಣದ ಕಡೆ ಹೋದೆ. ಮಾತು ಶುರುವಾಗೋ ಮುಂಚೆ ನದಿ ಹರಿಯೋ ಸದ್ದು ಹಾಕಬೇಕು ಅನ್ನೋದು ಪ್ಲಾನ್. ಹೋಗಿ ನೋಡಿದ್ರೆ ಬಂಡೆ, ಮರಳು, ಅಲ್ಲಲ್ಲಿ ಪಾಚಿಗಟ್ಟಿದ ಗುಂಡಿಗಳು. ಹರಿದ್ರೆ ತಾನೇ ಸದ್ದು? ಒಂದು ಗಂಟೆ ರೆಕಾರ್ಡ್ ಮಾಡಿದೆ. ಮನೆಗೆ ಬಂದು ಕೇಳಿದ್ರೆ ಗಾಳಿ, ನನ್ನ ಚಪ್ಪಲಿ ಸದ್ದು, ದೂರದಲ್ಲಿ ಯಾವುದೋ ಪಂಪ್‌ಸೆಟ್. ಅಷ್ಟೇ.

ಮಾರನೇ ದಿನ ಅಪ್‌ಲೋಡ್ ಆಗಬೇಕಿತ್ತು. ಉಚಿತವಾಗಿ ಸಿಗೋ ಸೌಂಡ್ ಲೈಬ್ರರಿಯಿಂದ 'ತೊರೆ' ಅಂತ ಹುಡುಕಿ, ಚೆನ್ನಾಗಿರೋ ಒಂದು ತುಣುಕು ಇಳಿಸಿಕೊಂಡು, 40 ಸೆಕೆಂಡ್ ಹಾಕಿಬಿಟ್ಟೆ. ಎಲ್ಲರೂ ಮಾಡ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಎರಡು ಪ್ರತಿಕ್ರಿಯೆ ಬಂತು. ಮೊದಲನೆಯದು ಪಕ್ಷಿ ವೀಕ್ಷಕರೊಬ್ಬರದು: 'ನೀರಿನ ಹಿಂದೆ ಹಾಡ್ತಿರೋದು ಯೂರೋಪಿನ ರಾಬಿನ್. ಅದು ಶ್ರೀರಂಗಪಟ್ಟಣಕ್ಕೆ ಯಾವಾಗ ಬಂತು?' ಇದಕ್ಕೆ ನಕ್ಕೆ. ಎರಡನೆಯದಕ್ಕೆ ನಗು ಬರಲಿಲ್ಲ. ಮಂಡ್ಯ ಕಡೆಯ ರೈತರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. 'ಬೆಂಗ್ಳೂರಲ್ಲಿರೋ ನಮ್ ತಂಗಿ ನಿಮ್ದು ಕೇಳ್ಬುಟ್ಟು ಫೋನ್ ಮಾಡಿದ್ಲು ಸಾರ್. ಹೊಳೆಗೆ ನೀರ್ ಬುಟ್ಟವ್ರಾ ಅಣ್ಣ ಅಂತ ಕೇಳ್ತಾವ್ಳೆ. ನಾನು ಎದ್ದೋಗಿ ನೋಡ್ಕಂಡ್ ಬಂದೆ. ಎಲ್ಲದೆ ಸಾರ್ ನೀರು?'

ಎದ್ದು ಹೋಗಿ ನೋಡ್ಕೊಂಡು ಬಂದ್ರಂತೆ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಸದ್ದನ್ನ ತೆಗೆದುಹಾಕಿದೆ, ಕ್ಷಮೆ ಕೇಳಿದೆ. ಅವರು 'ಇರ್ಲಿ ಬುಡಿ' ಅಂದ್ರು. ವಿಷಯ ಅಲ್ಲಿಗೆ ಮುಗೀತು ಅಂದ್ಕೊಂಡೆ.

ಮುಗೀಲಿಲ್ಲ. ನಮ್ಮ ಬೀದಿಯಲ್ಲೇ ಇರೋ ಸ್ನೇಹಿತ ಒಬ್ಬ ವಿಆರ್ ಕೆಲಸ ಮಾಡ್ತಾನೆ. ಕಣ್ಣಿಗೆ ಹೆಡ್‌ಸೆಟ್ ಹಾಕ್ಕೊಂಡ್ರೆ ಹಳೇ ದೇವಸ್ಥಾನ, ಅದರ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯೋ ಕಲ್ಯಾಣಿ, ತಳದಲ್ಲಿ ನೀರು. ಚೆನ್ನಾಗೇ ಮಾಡಿದ್ದ. 'ಮಗಾ, ಸೌಂಡ್ ನಿನ್ ಲೈನು, ನೀರಿಗೆ ಸದ್ದು ಹಾಕ್ಕೊಡು' ಅಂದ. ಕೊಟ್ಟೆ. ಲಿಂಗಾಂಬುಧಿ ಕೆರೆ ದಡದಲ್ಲಿ ನಾನೇ ರೆಕಾರ್ಡ್ ಮಾಡಿದ್ದು, ಈ ಸಲ ರಾಬಿನ್ ಇಲ್ಲ! ಹೆಡ್‌ಸೆಟ್ ಹಾಕ್ಕೊಂಡು ಕಲ್ಯಾಣಿಗೆ ಕಲ್ಲು ಎಸೆದೆ. ಡುಬ್. ಇನ್ನೊಂದು, ದೊಡ್ಡದು. ಅದೇ ಡುಬ್. ನೀರೊಳಗೆ ಕೈ ಆಡಿಸಿದೆ. ನೀರು ಅಲುಗಾಡ್ತಿದೆ, ಕಿವಿಗೆ ಮಾತ್ರ ದಡದ ಅದೇ ಸದ್ದು. ಐದನೇ ಕಲ್ಲಿಗೆ ತಲೆ ಹೇಳಿಬಿಡುತ್ತೆ, ಇದು ಸುಳ್ಳು ಅಂತ. ಕಣ್ಣಿಗೆ ಮೋಸ ಮಾಡೋದು ಸುಲಭ, ಕಿವಿ ಅಷ್ಟು ಬೇಗ ಒಪ್ಪಲ್ಲ.

ಅಂದ್ರೆ ರೆಕಾರ್ಡ್ ಮಾಡಿದ ಸದ್ದು ಸಾಲಲ್ಲ. ಕಲ್ಲು ಬಿದ್ದ ಕ್ಷಣಕ್ಕೆ, ಆ ಕಲ್ಲಿಗೆ ತಕ್ಕ ಸದ್ದನ್ನ ಕಂಪ್ಯೂಟರ್ರೇ ಲೆಕ್ಕ ಹಾಕಿ ಹುಟ್ಟಿಸಬೇಕು. ಅದಕ್ಕೆ ಮೊದಲು ನೀರಿಗೆ ಸದ್ದು ಎಲ್ಲಿಂದ ಬರುತ್ತೆ ಅಂತ ಗೊತ್ತಿರಬೇಕಲ್ಲ. ಬಿಕಾಂ ಓದಿದ ನಾನು ಅಲ್ಲಿಂದ ಓದೋಕೆ ಶುರು ಮಾಡಿದೆ.

ಉತ್ತರ ಒಂದೇ ಪದ: ಗುಳ್ಳೆ.

ನೀರು ನೀರಿಗೆ ಬಡಿದು ಸದ್ದಾಗುತ್ತೆ ಅಂತ ನಾವು ಅಂದ್ಕೊಂಡಿದ್ದೀವಿ. ಆ ಬಡಿತದ ಸದ್ದು ಬಹಳ ಸಣ್ಣದು. ನೀರು ಬೀಳುವಾಗ, ಮಗುಚುವಾಗ ಗಾಳಿ ಒಳಗೆ ಸಿಕ್ಕಿಹಾಕಿಕೊಂಡು ಗುಳ್ಳೆ ಆಗುತ್ತೆ. ಹುಟ್ಟಿದ ತಕ್ಷಣ ಗುಳ್ಳೆ ಒಂದು ಸಲ ಕುಗ್ಗಿ, ಒಂದು ಸಲ ಹಿಗ್ಗಿ, ಸೆಕೆಂಡಿಗೆ ಸಾವಿರಾರು ಸಲ ಮಿಡಿಯುತ್ತೆ. ಒಳಗಿನ ಗಾಳಿ ಸ್ಪ್ರಿಂಗ್ ಥರ, ಸುತ್ತಲಿನ ನೀರು ಅದಕ್ಕೆ ಕಟ್ಟಿದ ಭಾರದ ಥರ. ಆ ಮಿಡಿತವೇ ನಾವು ಕೇಳೋ ಜುಳುಜುಳು. 'ನೀರ ಮೇಲಿನ ಗುಳ್ಳೆ' ಅಂದ್ರೆ ನಮ್ಮಲ್ಲಿ ನಿಲ್ಲದ್ದು, ಲೆಕ್ಕಕ್ಕಿಲ್ಲದ್ದು. ಇಲ್ಲಿ ನೋಡಿದ್ರೆ ಪೂರ್ತಿ ಕಛೇರಿ ಅದರದ್ದೇ.

ಇದನ್ನ ಹುಡುಕ್ತಾ ಹೋದಾಗ ನಮಗೆ ಗೊತ್ತಿರೋ ಹೆಸರೊಂದು ಸಿಕ್ತು. ಸರ್ ಸಿ. ವಿ. ರಾಮನ್. ಅವರು 1920ರಲ್ಲಿ ಅಶುತೋಷ್ ಡೇ ಅವರ ಜೊತೆ ಸೇರಿ, ನೀರಿಗೆ ವಸ್ತು ಬಿದ್ದಾಗ ಆಗೋ ಸದ್ದಿನ ಬಗ್ಗೆ 'ಫಿಲಾಸಫಿಕಲ್ ಮ್ಯಾಗಝೀನ್'ನಲ್ಲಿ ಪ್ರಬಂಧ ಬರೆದಿದ್ದರು. ಅದೇ ವರ್ಷ ಮೃದಂಗ, ತಬಲಾದ ನಾದದ ಬಗ್ಗೆ 'ನೇಚರ್'ನಲ್ಲೂ ಬರೆದಿದ್ದರು. ಆಗ ಅವರಿದ್ದದ್ದು ಕಲ್ಕತ್ತಾದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು 1933ರಲ್ಲಿ. ಆ 1933ರಲ್ಲೇ, ಅದೇ 'ಫಿಲಾಸಫಿಕಲ್ ಮ್ಯಾಗಝೀನ್'ನಲ್ಲಿ, ಮಾರ್ಸೆಲ್ ಮಿನ್ನಾರ್ಟ್ ಅನ್ನೋ ವಿಜ್ಞಾನಿ ಗುಳ್ಳೆಯ ಸೂತ್ರ ಕೊಟ್ಟರು. ಬೆಲ್ಜಿಯಂನಲ್ಲಿ ಹುಟ್ಟಿ, ಹಾಲೆಂಡಿನ ಉಟ್ರೆಕ್ಟ್‌ನಲ್ಲಿ ಸೂರ್ಯನ ಬೆಳಕನ್ನ ಅಧ್ಯಯನ ಮಾಡ್ತಿದ್ದ ಮನುಷ್ಯ. ಹರಿಯೋ ನೀರಿನ ಸದ್ದಿನ ಮೇಲೆ ಇವರಿಗೆ ಯಾಕೆ ಮನಸ್ಸು ಹೋಯ್ತೋ!

ಸೂತ್ರ ಎಷ್ಟು ಸುಲಭ ಅಂದ್ರೆ ಹತ್ತನೇ ಕ್ಲಾಸ್ ಸಾಕು. 3,260 ಅನ್ನು ಗುಳ್ಳೆಯ ತ್ರಿಜ್ಯದಿಂದ ಭಾಗಿಸಿ. ತ್ರಿಜ್ಯ ಮಿಲಿಮೀಟರ್‌ನಲ್ಲಿರಲಿ. ಉತ್ತರ ಹರ್ಟ್ಜ್‌ನಲ್ಲಿ ಬರುತ್ತೆ, ಅಂದ್ರೆ ಸೆಕೆಂಡಿಗೆ ಎಷ್ಟು ಮಿಡಿತ ಅಂತ. 1 ಮಿಲಿಮೀಟರ್ ಗುಳ್ಳೆ 3,260. ಅರ್ಧ ಮಿಲಿಮೀಟರ್ ಆದ್ರೆ 6,520, ಕೀಚಲು. 1 ಸೆಂಟಿಮೀಟರ್ ತ್ರಿಜ್ಯದ ದೊಡ್ಡ ಗುಳ್ಳೆ ಆದ್ರೆ 326, ದಪ್ಪ ದನಿ. ನಮ್ಮ ಭಾಷೆ ಇದನ್ನ ಆಗಲೇ ವಿಂಗಡಿಸಿ ಇಟ್ಟಿದೆ ಅನ್ಸುತ್ತೆ ನನಗೆ. ಸಣ್ಣ ತೊರೆ ಜುಳುಜುಳು, ಬಾಟಲಿಯಿಂದ ಸುರಿದ್ರೆ ಗುಳುಗುಳು, ಬಿಂದಿಗೆ ಮುಳುಗಿಸಿದ್ರೆ ಬುಡುಬುಡು, ಜೋಗದಲ್ಲಿ ಭೋರ್. ಹೈಸ್ಕೂಲಿನಲ್ಲಿ ಅನುಕರಣಾವ್ಯಯ ಅಂತ ಕಂಠಪಾಠ ಮಾಡಿ ಮರೆತಿದ್ದೆ. ಈಗ ನೋಡಿದ್ರೆ ಅದು ಗುಳ್ಳೆಗಳ ಸೈಜ್ ಪಟ್ಟಿ.

ಇಯರ್‌ಫೋನ್ ಯಾಕೆ ಅಂದೆ ಅಂತ ಈಗ ಗೊತ್ತಾಯ್ತಲ್ಲ? ಫೋನಿನ ಪುಟ್ಟ ಸ್ಪೀಕರ್‌ಗೆ ದಪ್ಪ ದನಿ ಹೊರಡಿಸೋ ಶಕ್ತಿ ಇಲ್ಲ. ದೊಡ್ಡ ಗುಳ್ಳೆಗಳೆಲ್ಲ ಅಲ್ಲೇ ಸತ್ತುಹೋಗ್ತವೆ. ಉಳಿಯೋದು ಬರೀ ಸ್ಸ್... ಒಗ್ಗರಣೆ ಸದ್ದು.

ಎಲ್ಲಾ ಸದ್ದೂ ಗುಳ್ಳೆಯದಲ್ಲ, ಅದನ್ನೂ ಹೇಳಬೇಕು. ಬಿಂದಿಗೆ ತುಂಬುವಾಗ ಸ್ವರ ಮೇಲೇರುತ್ತಲ್ಲ, ಕತ್ತಲಲ್ಲೂ 'ತುಂಬ್ತು, ನಲ್ಲಿ ನಿಲ್ಸು' ಅಂತ ಗೊತ್ತಾಗುತ್ತಲ್ಲ, ಅದು ನೀರಿನ ಮೇಲೆ ಉಳಿದ ಗಾಳಿಯ ಕಂಬ ಗಿಡ್ಡ ಆಗೋದ್ರಿಂದ. ಜಲತರಂಗದಲ್ಲಿ ಇದರ ಉಲ್ಟಾ. ಅಲ್ಲಿ ನಾದ ಪಿಂಗಾಣಿ ಬಟ್ಟಲಿನದು. ನೀರು ಹೆಚ್ಚಾದಷ್ಟೂ ಬಟ್ಟಲು ಭಾರವಾಗಿ ಸ್ವರ ಇಳಿಯುತ್ತೆ.

ಇನ್ನು ತೊಟ್ಟಿಕ್ಕೋ ನಲ್ಲಿ. ರಾತ್ರಿ ನಿದ್ದೆ ಕೆಡಿಸೋ ಆ 'ಪ್ಲಿಂಕ್' ಬಗ್ಗೆ 2018ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅನುರಾಗ್ ಅಗರ್ವಾಲ್ ಮತ್ತು ಅವರ ತಂಡ ಹೈಸ್ಪೀಡ್ ಕ್ಯಾಮೆರಾ, ಮೈಕು ಇಟ್ಟು ನೋಡಿದ್ರು. ಹನಿ ನೀರಿಗೆ ಬಡಿದಾಗ ಹೆಚ್ಚುಕಮ್ಮಿ ನಿಶ್ಶಬ್ದ. ಬಡಿದ ಜಾಗದಲ್ಲಿ ಒಂದು ಕುಳಿ ಬೀಳುತ್ತೆ. ಕುಳಿ ಮುಚ್ಚಿಕೊಳ್ಳುವಾಗ ಅದರ ತಳದಲ್ಲಿ ಪುಟ್ಟ ಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತೆ. ಆ ಗುಳ್ಳೆ ಮಿಡಿದು, ಮೇಲಿರೋ ನೀರಿನ ಮೈಯನ್ನ ಪಿಸ್ಟನ್ ಥರ ಅಲುಗಾಡಿಸಿದಾಗ ಪ್ಲಿಂಕ್. ಪಾತ್ರೆ ತೊಳೆಯೋ ಲಿಕ್ವಿಡ್ ಸ್ವಲ್ಪ ಬಕೆಟ್ಟಿಗೆ ಹಾಕಿದ್ರೆ ನೀರಿನ ಮೇಲ್ಮೈ ಸೆಳೆತ ಕಡಿಮೆ ಆಗಿ ಸದ್ದು ನಿಲ್ಲುತ್ತೆ ಅಂತ ಅವರೇ ಹೇಳಿದ್ದಾರೆ. ನಾನು ನಮ್ಮ ಬಚ್ಚಲಲ್ಲಿ ಮಾಡಿ ನೋಡಿದೆ.

[ಸದ್ದು: ನಲ್ಲಿಯಿಂದ ಬಕೆಟ್ಟಿಗೆ ಹನಿ, ಸೋಪಿಲ್ಲದೆ 5 ಸೆಕೆಂಡ್, ಸೋಪು ಹಾಕಿ 5 ಸೆಕೆಂಡ್]

ಎರಡನೇ ಐದು ಸೆಕೆಂಡಲ್ಲೂ ಹನಿ ಬೀಳ್ತಾನೇ ಇದೆ. ನೀವೂ ಮಾಡಿ ನೋಡಿ, ಪ್ಲಂಬರ್ ಬರೋವರೆಗೆ ನಿದ್ದೆ ಆದ್ರೂ ಬರುತ್ತೆ.

ಮಳೆಯಲ್ಲೂ ಇಂಥದ್ದೇ ತಮಾಷೆ. ಸುಮಾರು 1 ಮಿಲಿಮೀಟರ್ ಅಡ್ಡಳತೆಯ ಸಣ್ಣ ಹನಿ ಕೆರೆಗೆ ಬಿದ್ರೆ ಹೆಚ್ಚುಕಮ್ಮಿ ಪ್ರತಿ ಸಲ ಗುಳ್ಳೆ ಮಾಡುತ್ತೆ. ಅದಕ್ಕಿಂತ ಸ್ವಲ್ಪ ದೊಡ್ಡ, ಮಧ್ಯಮ ಗಾತ್ರದ ಹನಿ ಸಾಮಾನ್ಯವಾಗಿ ಗುಳ್ಳೆ ಮಾಡೋದೇ ಇಲ್ಲ. 2 ಮಿಲಿಮೀಟರ್ ದಾಟಿದ ದಪ್ಪ ಹನಿ ಮತ್ತೆ ಮಾಡುತ್ತೆ, ಈ ಸಲ ದೊಡ್ಡದು. ಅದಕ್ಕೇ ಕೆರೆ ನೀರಿನ ಒಳಗೆ ಕಿವಿಯಿಟ್ಟರೆ ಜಿಟಿಜಿಟಿ ಮಳೆಗೆ ಒಂದು ದನಿ, ಬಿರುಮಳೆಗೆ ಇನ್ನೊಂದು. ಸಣ್ಣ ಹನಿಗಳ ದನಿ ಸುಮಾರು 14,000 ಹರ್ಟ್ಜ್‌ನಷ್ಟು ಮೇಲಿರುತ್ತೆ.

ಇಷ್ಟು ತಿಳಿದ ಮೇಲೆ ಕೈ ಸುಮ್ಮನಿರಲಿಲ್ಲ. ನನಗೆ ಕೋಡಿಂಗ್ ಬರಲ್ಲ, ಬರೋದು ಎಕ್ಸೆಲ್. ಒಂದು ಗುಳ್ಳೆ ಅಂದ್ರೆ ಏನು? ಮೇಲೆ ಕೆಳಗೆ ಹೋಗೋ ಒಂದು ಸೈನ್ ಅಲೆ, ಬೇಗ ಬೇಗ ಕ್ಷೀಣಿಸೋದು. 1 ಮಿಲಿಮೀಟರ್ ಗುಳ್ಳೆ ಸುಮಾರು 3 ಮಿಲಿಸೆಕೆಂಡಿನಲ್ಲಿ ಇಳಿದುಹೋಗುತ್ತೆ, 1 ಸೆಂಟಿಮೀಟರ್‌ದು 50 ಮಿಲಿಸೆಕೆಂಡ್ ಎಳೆಯುತ್ತೆ. ಕಾರಿನ ಮೇಲೆ ಸವಕಳಿ ಹಾಕ್ತಾರಲ್ಲ, ಪ್ರತಿ ವರ್ಷ ಇಷ್ಟು ಪರ್ಸೆಂಟ್ ಅಂತ, ಅದೇ ಲೆಕ್ಕ. ಕಾಮರ್ಸ್ ಎಲ್ಲಿ ಉಪಯೋಗಕ್ಕೆ ಬರುತ್ತೆ ನೋಡಿ.

ಒಂದು ಸೆಕೆಂಡ್ ಆಡಿಯೋಗೆ 44,100 ಸಾಲು ಬೇಕು. ಎಕ್ಸೆಲ್ ಶೀಟಲ್ಲಿ ಇರೋದೇ 10,48,576 ಸಾಲು. ಅಂದ್ರೆ ಒಂದು ಶೀಟಲ್ಲಿ 24 ಸೆಕೆಂಡಿನಷ್ಟು ನೀರೂ ಹಿಡಿಸಲ್ಲ! ನಾನು 4 ಸೆಕೆಂಡಿಗೆ ತೃಪ್ತಿಪಟ್ಟೆ. ಲ್ಯಾಪ್‌ಟಾಪ್ ಫ್ಯಾನ್ ಕಿರುಚಿಕೊಂಡಿತು. ಅಂಕಿಗಳನ್ನ ಟೆಕ್ಸ್ಟ್ ಫೈಲ್ ಮಾಡಿ, ಆಡಾಸಿಟಿಗೆ ಹಾಕಿ ಕೇಳಿದೆ.

[ಸದ್ದು: ಪ್ರಯೋಗ 1, 2, 3, ತಲಾ 4 ಸೆಕೆಂಡ್]

ಮೊದಲನೆಯದರಲ್ಲಿ ಎಲ್ಲಾ ಗುಳ್ಳೆ ಒಂದೇ ಸೈಜ್, ಒಂದೇ ಅಂತರ. ಕೇಳಿಸಿದ್ದು ಜೀರುಂಡೆ. ಎರಡನೆಯದರಲ್ಲಿ ಹೊತ್ತನ್ನ ರ‍್ಯಾಂಡಮ್ ಮಾಡಿದೆ. ಸ್ಟೀಲ್ ತಟ್ಟೆ ಮೇಲೆ ಸಾಬೂದಾನಿ ಸುರಿದ ಹಾಗಾಯ್ತು. ಮೂರನೆಯದರಲ್ಲಿ ಸೈಜೂ ಬೇರೆಬೇರೆ: ಸಣ್ಣವು ಸಿಕ್ಕಾಪಟ್ಟೆ, ದೊಡ್ಡವು ಅಪರೂಪಕ್ಕೆ. ಹತ್ತಿರ ಬಂತು, ಆದ್ರೂ ಏನೋ ಒಣ ಒಣ. ಆಮೇಲೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ಕೀಸ್ ವ್ಯಾನ್ ಡೆನ್ ಡೂಲ್ ಅವರ 2005ರ ಪ್ರಬಂಧ ಸಿಕ್ತು. ಗುಳ್ಳೆ ಮೇಲೆ ಏಳ್ತಾ ನೀರಿನ ಮೈಗೆ ಹತ್ತಿರ ಬಂದ ಹಾಗೆ ಅದರ ಸ್ವರ ಏರುತ್ತಂತೆ. 'ಬ್ಲುಪ್' ಅನ್ನುವಾಗ ಕೊನೆಯಲ್ಲಿ ದನಿ ಮೇಲಕ್ಕೆ ಹೋಗುತ್ತಲ್ಲ, ಅದು. ಒಂದು ಕಾಲಂ ಸೇರಿಸಿದೆ. ನಾಲ್ಕನೇ ಪ್ರಯೋಗ.

[ಸದ್ದು: ಪ್ರಯೋಗ 4, ಪದೇ ಪದೇ]

ಇದನ್ನ ಸ್ಪೀಕರ್‌ನಲ್ಲಿ ಮತ್ತೆ ಮತ್ತೆ ಹಾಕಿ ಕೇಳ್ತಿದ್ದೆ. ಬೆಳಗ್ಗೆ ಕಾವೇರಿ ನೀರು ಬಿಡೋ ಹೊತ್ತು. ಕೆಳಗಿನಿಂದ ಅಮ್ಮ ಕೂಗಿದ್ರು: 'ಲೋ, ಸಂಪ್ ತುಂಬಿ ಹರೀತಿದೆ ಕಣೋ, ವಾಲ್ವ್ ತಿರುಗ್ಸೋ!' ನಾನು ಎದ್ದು ಬರೋ ಅಷ್ಟರಲ್ಲಿ ಅವರೇ ಸೊಂಟ ಹಿಡ್ಕೊಂಡು ಹೋಗಿ ಸಂಪಿನ ಮುಚ್ಚಳ ಎತ್ತಿ ನೋಡ್ತಿದ್ರು.

ಮೊದಲು ಎರಡು ನಿಮಿಷ ನಾನು ಕುಣಿದಾಡಿದೆ. ಎಕ್ಸೆಲ್ ನೀರು ಪಾಸಾಯ್ತು! ಆಮೇಲೆ ಆ ಚಿತ್ರ ಎಲ್ಲೋ ನೋಡಿದ್ದೀನಲ್ಲ ಅನ್ನಿಸ್ತು. ಇಲ್ಲದ ನೀರನ್ನ ನೋಡೋಕೆ ಇನ್ನೊಬ್ಬರು ಎದ್ದು ಹೋಗಿದ್ರು.

ಸಂಶೋಧಕರು ಇದರಲ್ಲಿ ಬಹಳ ಮುಂದೆ ಹೋಗಿದ್ದಾರೆ, ಬೇಗ ಹೇಳಿಬಿಡ್ತೀನಿ. ಡೂಲ್ ಅವರದ್ದು ಸಾವಿರಾರು ಗುಳ್ಳೆಗಳನ್ನ ಸಂಭವದ ಲೆಕ್ಕದಲ್ಲಿ ಆಗಿಂದಾಗಲೇ ಹುಟ್ಟಿಸೋ ದಾರಿ. ನನ್ನ ಎಕ್ಸೆಲ್ ಅದರ ಬಡ ನೆಂಟ. 2009ರಲ್ಲಿ ಕಾರ್ನೆಲ್‌ನ ಚಾಂಗ್ಶಿ ಝೆಂಗ್ ಮತ್ತು ಡಗ್ ಜೇಮ್ಸ್, ಅನಿಮೇಷನ್ ಸಿನಿಮಾಗಳಲ್ಲಿ ನೀರನ್ನ ತೋರಿಸೋ ಸಿಮ್ಯುಲೇಷನ್‌ಗೇ ಸದ್ದು ಜೋಡಿಸಿದ್ರು. 2016ರಲ್ಲಿ ಜೇಮ್ಸ್ ಅವರ ತಂಡ ಉಂಡೆಯಾಗಿರದ, ಸೊಟ್ಟಂಬಟ್ಟ ಗುಳ್ಳೆಗಳನ್ನೂ ಲೆಕ್ಕಕ್ಕೆ ತಗೊಂಡಿತು. 2023ರಲ್ಲಿ ಇನ್ನೊಂದು ಹೆಜ್ಜೆ: ಗುಳ್ಳೆಗಳು ಗುಂಪಾಗಿದ್ದಾಗ ಒಂದನ್ನೊಂದು ಎಳೆದಾಡ್ತವೆ, ಆಗ ಒಂಟಿ ಗುಳ್ಳೆಗಿಂತ ಎಷ್ಟೋ ದಪ್ಪ ದನಿ ಹುಟ್ಟುತ್ತೆ. ಒಂಟಿ ಗುಳ್ಳೆಗಳ ಮೊತ್ತ ಹಾಕಿದ್ರೆ ಇದು ಸಿಗಲ್ಲ. ಬ್ಯಾಲೆನ್ಸ್ ಶೀಟ್ ಕೂಡಿ ಬರಲ್ಲ ಅನ್ನಿ.

ಇಲ್ಲಿ ನನಗೆ ಜೋಗ ನೆನಪಾಗುತ್ತೆ. ರಾಜಾ, ರಾಣಿ, ರೋರರ್, ರಾಕೆಟ್. ನಾಲ್ಕರಲ್ಲಿ ಒಂದಕ್ಕೆ ಹೆಸರು ಬಂದಿರೋದೇ ಸದ್ದಿನಿಂದ. 253 ಮೀಟರ್ ಮೇಲಿಂದ ನೀರು ಬಿದ್ದಾಗ ಆಗೋದು ಗುಳ್ಳೆಗಳ ಜಾತ್ರೆ. ಆದ್ರೆ 1964ರ ಲಿಂಗನಮಕ್ಕಿ ಅಣೆಕಟ್ಟಿನ ನಂತರ ಶರಾವತಿ ನೀರು ಹೆಚ್ಚಾಗಿ ಕರೆಂಟಿಗೆ ಹೋಗುತ್ತೆ. ಏಪ್ರಿಲ್‌ನಲ್ಲಿ ಹೋಗಿ ನೋಡಿ, ಬಂಡೆ ಮೇಲೆ ಬಿಳೀ ಗೆರೆ ಎಳೆದ ಹಾಗಿರುತ್ತೆ. ನಾಳೆ ಯಾರಾದ್ರೂ ವಿಆರ್ ಜೋಗ ಮಾಡಿದ್ರೆ ಅದು ಯಾವ ತಿಂಗಳ ಜೋಗ ಆಗಿರುತ್ತೆ ಹೇಳಿ? ಆಗಸ್ಟ್‌ನದೇ.

ಅದಕ್ಕೇ ಸ್ನೇಹಿತನ ಹತ್ತಿರ ಒಂದು ಮಾತು ಹೇಳಿದೆ. ರೆಕಾರ್ಡಿಂಗ್‌ನಲ್ಲಿ ಇಲ್ಲದ ಅನುಕೂಲ ಸಿಮ್ಯುಲೇಷನ್‌ನಲ್ಲಿದೆ, ಸೆಕೆಂಡಿಗೆ ಎಷ್ಟು ಗುಳ್ಳೆ ಅನ್ನೋ ಒಂದು ತಿರುಗಣೆ. ಆ ತಿರುಗಣೆಯನ್ನ ಕಲ್ಯಾಣಿಯ ನಿಜವಾದ ನೀರಿನ ಮಟ್ಟಕ್ಕೆ ಕಟ್ಟು. ಮಳೆಗಾಲದಲ್ಲಿ ಹೆಡ್‌ಸೆಟ್ ಹಾಕ್ಕೊಂಡ್ರೆ ತುಂಬಿದ ಸದ್ದು, ಬೇಸಿಗೆಯಲ್ಲಿ ಹಾಕ್ಕೊಂಡ್ರೆ ಬಂದದ್ದಷ್ಟೇ. ಬರಲಿಲ್ಲ ಅಂದ್ರೆ ಇಲ್ಲ. ಅವನು ನನ್ನ ಮುಖ ನೋಡಿ, 'ಒಣಗಿದ ಕಲ್ಯಾಣಿ ನೋಡೋಕೆ ಯಾರ್ ಮಗಾ ದುಡ್ ಕೊಡ್ತಾರೆ?' ಅಂದ. ನ್ಯಾಯವಾದ ಪ್ರಶ್ನೆ. ಅಕ್ಷಯ ಭಂಡಾರದ ಹತ್ತಿರ ಟೀ ಕುಡಿಯುವಾಗೆಲ್ಲ ಇದೇ ಜಗಳ ನಡೀತಿದೆ. ಸದ್ಯಕ್ಕೆ ಅವನು ಒಪ್ಪಿರೋದು ಇಷ್ಟು: ಕಲ್ಲು ಎಸೆದ್ರೆ ಸದ್ದು ಕಲ್ಲಿಗೆ ತಕ್ಕ ಹಾಗೆ ಇರುತ್ತೆ. ತಿರುಗಣೆ ವಿಷಯ 'ಆಮೇಲೆ ನೋಡೋಣ' ಪಟ್ಟಿಯಲ್ಲಿದೆ.

ನನ್ನ ಕಡೆಯಿಂದ ಎರಡು ಬದಲಾವಣೆ. ಈ ಪಾಡ್‌ಕಾಸ್ಟ್‌ನಲ್ಲಿ ಇನ್ಮುಂದೆ ಯಾವುದೇ ಸದ್ದು ನಾನು ಹೋದ ಜಾಗದ್ದಲ್ಲದಿದ್ರೆ ಅಲ್ಲೇ, ಬಾಯಲ್ಲೇ ಹೇಳ್ತೀನಿ. ಕೆಳಗಿನ ವಿವರಣೆಯಲ್ಲಿ ಸಣ್ಣಕ್ಷರದಲ್ಲಿ ಬರೆದ್ರೆ ಯಾರು ಓದ್ತಾರೆ? ಇನ್ನೊಂದು, ಕಾವೇರಿ ಎಪಿಸೋಡ್‌ನ ಆ 40 ಸೆಕೆಂಡ್ ಜಾಗದಲ್ಲಿ ಅವತ್ತು ನಾನು ನಿಜವಾಗಿ ರೆಕಾರ್ಡ್ ಮಾಡಿದ್ದನ್ನ ಹಾಕಿದ್ದೀನಿ.

[ಸದ್ದು: ಮರಳಿನ ಮೇಲೆ ಹೆಜ್ಜೆ, ಗಾಳಿ, ದೂರದಲ್ಲಿ ಪಂಪ್‌ಸೆಟ್]

ಅದೇ ವರ್ಷ ಜುಲೈನಲ್ಲಿ ಕೆಆರ್‌ಎಸ್ ತುಂಬಿತು, ನೆನಪಿರಬಹುದು. ಆ ವಾರ ಮಂಡ್ಯದ ಆ ರೈತರಿಂದ ವಾಟ್ಸಾಪ್‌ನಲ್ಲಿ 12 ಸೆಕೆಂಡಿನ ವಾಯ್ಸ್ ಮೆಸೇಜ್ ಬಂತು. ಮಾತಿಲ್ಲ, ಬರೀ ಸದ್ದು. ವಾಯ್ಸ್ ಮೆಸೇಜ್ ಅನ್ನೋದು ಮಾತಿಗಾಗಿ ಮಾಡಿದ್ದು, ಫೈಲ್ ಚಿಕ್ಕದು ಮಾಡೋ ಭರದಲ್ಲಿ ದೊಡ್ಡ ಗುಳ್ಳೆ, ಸಣ್ಣ ಗುಳ್ಳೆ ಎಲ್ಲಾ ಅರ್ಧಂಬರ್ಧ ನುಂಗಿಹಾಕಿದೆ. ಕೇಳೋಕೆ ನನ್ನ ಎಕ್ಸೆಲ್ ನೀರೇ ಇದಕ್ಕಿಂತ ಚೆನ್ನಾಗಿದೆ. ಅವರ ಒಪ್ಪಿಗೆ ಕೇಳಿ ಹಾಕ್ತಿದ್ದೀನಿ, ಏನೂ ತಿದ್ದಿಲ್ಲ. ಮುಂದಿನ ವಾರ ಸಿಗೋಣ.

[ಸದ್ದು: ಕಾವೇರಿ, ಮಂಡ್ಯ ಜಿಲ್ಲೆ, ಜುಲೈ 2024, ಫೋನ್ ರೆಕಾರ್ಡಿಂಗ್, 12 ಸೆಕೆಂಡ್]